ಬಾಣಂತಿಯ ಮರೆ

ಅಜ್ಜನ ತಲೆಯ ಟವೆಲ್ ಕೆಂಪಗಿತ್ತೆಂದು ಬರೆಯಲು ಹೊರಟೆ, ಆದರೆ ನಂಬಿಕೆಯಿಲ್ಲ. ರಾಮದಾಸ ಎಂಬ ಹದ್ದಿನ ಕಣ್ಣಿನ ಕೆಂಪನ್ನು ನನ್ನ ನೆನಪೇ ಅದಕ್ಕೆ ಬಳಿದಿರಬಹುದು. ಯಲ್ಲದಕೆರೆಯ ಆಚೆ ಮೇಕೆ ಮೇಯಿಸುತ್ತಿದ್ದ ಆ ಅಜ್ಜ, ಕಾಗೆಯಷ್ಟೇ ಗಾತ್ರದ ಆ ಬಿಳಿ ಹದ್ದು ಜಾಲಿಮರದಲ್ಲಿ ಗೂಡು ಕಟ್ಟಿದ್ದನ್ನು ನನಗೂ ನನ್ನ ಗೆಳೆಯನಿಗೂ ತೋರಿಸಿದ. ಬೆರಳು ಮಾಡಲಿಲ್ಲ, ಗದ್ದ ಎತ್ತಿದನಷ್ಟೇ. "ಬಾಣಂತಿ ಮನೆ ಐತ್ರಿ. ದೂರದಿಂದ ನೋಡ್ರಿ" ಎಂದ. ತಪ್ಪಿಸಿಕೊಂಡ ಮೇಕೆಯ ಹಿಂದೆ ಹೋಗುವಾಗಲೂ ತಿರುಗಿ ಅದನ್ನೇ ಹೇಳಿದ: "ಬಾಣಂತಿ ಮನೆ, ಸಾರ್."

ಗೂಡಿಗೆ ಅಡ್ಡವಾಗಿ ಒಂದು ಕೊಂಬೆಯಿತ್ತು. ಅಜ್ಜ ಮರಕ್ಕೆ ಒರಗಿಸಿಟ್ಟಿದ್ದ, ಸೊಪ್ಪು ಕೊಯ್ಯುವ ದೋಟಿಯಿಂದಲೇ ಗೆಳೆಯ ಅದನ್ನು ಕತ್ತರಿಸಿದ. ನಾನು ತಡೆಯಲಿಲ್ಲ, ಕ್ಯಾಮೆರಾ ಹಿಡಿದು ಕಾದೆ; ಕೊಂಬೆ ಬಿದ್ದೊಡನೆ ಫೋಟೊ ತೆಗೆದೆ.

ಅಜ್ಜ ಓಡಿ ಬಂದ. "ಲೇ, ಬಾಣಂತಿ ಮರೆ ಕಿತ್ತು ಫೋಟೊ ಹೊಡಿತೀಯೇನಲೇ? ನಿನ್ ಹೆಂಡ್ತಿ ಕೋಣೆ ಬಾಗ್ಲೂ ಹಿಂಗೇ ತೆಗೀತೀಯಾ?"

"ಹಕ್ಕಿ ಅಲ್ವಾ ಅಜ್ಜಾ" ಎಂದು ಗೆಳೆಯ ನಕ್ಕ.

"ಹಕ್ಕಿಗೇನು ಬ್ಯಾರೆ ಬಿಸ್ಲು ಬೀಳ್ತೈತಾ?"

ಕಡಿದ ಕೊಂಬೆಯನ್ನು ಹೆಗಲಿಗೇರಿಸಿ ಮರ ಹತ್ತಿದ ಅಜ್ಜ, ಮುಳ್ಳು ಗೀರಿದ ಕೈಯಲ್ಲೇ ಅದನ್ನು ತಲೆಯ ಟವೆಲ್ಲಿನಿಂದ ಗೂಡಿನ ಮುಂದೆ ಬಿಗಿದ. ತಾಯಿಹಕ್ಕಿ ಮೇಲೆ ಸುತ್ತುತ್ತಲೇ ಇತ್ತು. ಇಳಿದವನು ನಮ್ಮ ಮುಖ ನೋಡದೆ "ನಡೀರಿ" ಎಂದ.

ಈಗ ಆ ಫೋಟೊ ನೋಡಿದವರೆಲ್ಲ "ಎಂಥ ಬೆಳಕು!" ಎನ್ನುತ್ತಾರೆ. ಬೆಳಕಂತೆ! ರೆಕ್ಕೆ ಬಲಿಯದ ಮರಿಗಳ ಮೈಮೇಲೆ ನಾವು ಸುರಿದ ಬಿಸಿಲು ಅದು. ತಾಯಿ ಗೂಡಿಗೆ ಮರಳಿತೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಲು ನಾನು ಮತ್ತೆ ಆ ಕಡೆ ಹೋಗಲಿಲ್ಲ.