ಮೀಟರ್ ಮುಳ್ಳು ಅಲ್ಲಾಡಲಿಲ್ಲ

ಮಳವಳ್ಳಿ ಕಡೆಯ ಜಯಮ್ಮನವರ ರೇಷ್ಮೆ ಶೆಡ್ಡಿಗೆ ಕಬ್ಬಿಣದ ಕಂಬ ಮಾರಿ, ನಿಲ್ಲಿಸಿಕೊಡಲು ಆಳುಗಳೊಂದಿಗೆ ಹೋಗಿದ್ದೆ. ನಿಲ್ಲಿಸುವ ಜಾಗದ ಮೇಲೇ ಹೈಟೆನ್ಷನ್ ತಂತಿ ಹೋಗಿತ್ತು. ಕರೆಂಟ್ ನೋಡಲು ನನ್ನ ಅಂಗಡಿಯ ಮುಳ್ಳಿನ ಮೀಟರ್ ತೆಗೆದು, ಅದರ ಒಂದು ಕಡ್ಡಿ ನೆಲಕ್ಕೆ ಚುಚ್ಚಿ ಇನ್ನೊಂದನ್ನು ಗಾಳಿಯಲ್ಲಿ ಹಿಡಿದೆ. ಮುಳ್ಳು ಅಲ್ಲಾಡಲಿಲ್ಲ.

“ಗಾಳೀಲಿ ಕರೆಂಟಿಲ್ಲ, ಎತ್ರಪ್ಪಾ ಕಂಬ,” ಎಂದೆ ಆಳುಗಳಿಗೆ.

“ತಡೀರಿ ಸಾವ್ಕಾರ್ರೇ,” ಎಂದು ಜಯಮ್ಮ ಹಳೇ ಟ್ಯೂಬ್‌ಲೈಟ್ ತಂದು ತಂತಿಯ ಕೆಳಗೆ ನೆಟ್ಟಗೆ ಹಿಡಿದರು. ಮುಸ್ಸಂಜೆಯಲ್ಲಿ ಅದು ವೈರಿಲ್ಲದೆಯೇ ಮಿಣಮಿಣ ಹೊತ್ತಿಕೊಂಡಿತು. “ಗಾಳೀಲಿರೋ ಚೂರು ಕರೆಂಟ್ನ ನಿಮ್ ಮೀಟ್ರೇ ಕುಡ್ಕಂಡು ಇಲ್ಲ ಅಂತದೆ. ಲೈನ್‌ಮನ್ ಆಗಿರೋ ನಮ್ಮಣ್ಣ ಇದ್ನ ತೋರ್ಸಿದ್ದ. ಈಗ ಎತ್ತುಸ್ತೀರಾ ಕಂಬವ?”

ಶೆಡ್ಡಿನ ಜಾಗವನ್ನು ಜಮೀನಿನ ಆಚೆ ಬದಿಗೆ ಸರಿಸಿದೆವು. ನನ್ನ ಮೂವರು ಆಳುಗಳು ಅಂದು ಮನೆಗೆ ನಡೆದು ಹೋದದ್ದು ಆ ತಾಯಿಯಿಂದ. ಆ ಮೀಟರನ್ನು ಈಗಲೂ ಮಾರುತ್ತೇನೆ. ಪ್ಲಗ್ಗಿಗೆ ಚುಚ್ಚಿದರೆ ಸುಳ್ಳು ಹೇಳುವುದಿಲ್ಲ. ಗಾಳಿಯಲ್ಲಿನ ಕರೆಂಟ್ ಅಳೆಯಬೇಕು ಎನ್ನುವವರಿಗೆ ಮಾತ್ರ ಜಯಮ್ಮನವರ ಮನೆಯ ದಾರಿ ತೋರಿಸುತ್ತೇನೆ.