ತೂಕಕ್ಕೆ ಮೊದಲು ಗುಡಿಸಿದ ಚಿಂದಿ

ನನ್ನ ತಮ್ಮ ಓದುತ್ತಿದ್ದುದು ಕಸದ ಬಗ್ಗೆ. ಇದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ನೆಂಟರು ಕೇಳಿದರೆ "ಎಂಟೆಕ್" ಎಂದಷ್ಟೇ ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಕಾಫಿ ತರಲು ಒಳಗೆ ಹೋಗುತ್ತಿದ್ದೆ. ಹತ್ತನೇ ಕ್ಲಾಸಿನ ಗಣಿತದಲ್ಲಿ ಎರಡು ಸಲ ಫೇಲಾಗಿ ಹೊಲಿಗೆ ಮೆಷಿನ್ ಮುಂದೆ ಕೂತವಳು ನಾನು. ಮನೆಯಲ್ಲಿ ಒಬ್ಬನಾದರೂ ದೊಡ್ಡ ಓದು ಓದಲಿ ಎಂದು ಕಾದಿದ್ದರೆ, ಅವನು ಅಷ್ಟು ದೂರ ಹೋಗಿ ಕಸವನ್ನು ಆರಿಸಿಕೊಂಡ.

ಆ ಓದಿಗೆ ಇಂಡಸ್ಟ್ರಿಯಲ್ ಇಕಾಲಜಿ ಎಂದು ಹೆಸರು. ಒಂದು ಸಂಜೆ ನನಗೆ ಅರ್ಥವಾಗುವ ಹಾಗೆ ಹೇಳಲು ಕೂತ.

"ಕಾಡಲ್ಲಿ ಕಸ ಅಂತ ಇರಲ್ಲ ಅಕ್ಕಾ. ಉದುರಿದ ಎಲೆ ಹುಳಕ್ಕೆ ಊಟ, ಹುಳ ಹಕ್ಕಿಗೆ ಊಟ. ಫ್ಯಾಕ್ಟ್ರಿಗಳೂ ಹಂಗೇ ಒಂದ್ರದ್ದು ಇನ್ನೊಂದಕ್ಕೆ ಕೊಟ್ಕೊಂಡು ಬದುಕಬೋದಾ ಅಂತ ನೋಡೋದು."

"ಅದ್ರಲ್ಲಿ ನಾನೇನು, ಹುಳಾನಾ?"

"ನೀನು ಮರ ಕಣಕ್ಕಾ. ಚಿಂದಿ ಉದುರಿಸ್ತೀಯಲ್ಲ."

ಮರ ಎಂದದ್ದಕ್ಕೆ ಹಿಗ್ಗಿ, ಅವನು ಕೇಳಿದ್ದಕ್ಕೆಲ್ಲ ಒಪ್ಪಿಕೊಂಡೆ.

ಯಲಹಂಕದಲ್ಲಿ ನನ್ನದೊಂದು ಸಣ್ಣ ಶೆಡ್ಡಿದೆ. ಐದು ಜನ ಹೆಂಗಸರ ಜೊತೆ ನೈಟಿ, ಸ್ಕೂಲ್ ಯೂನಿಫಾರಂ ಹೊಲಿಯುತ್ತೇನೆ. ಕತ್ತರಿಸಿ ಉಳಿದ ಚಿಂದಿಯಲ್ಲಿ ಹತ್ತಿಯದು ಎದುರಿನ ಗ್ಯಾರೇಜಿಗೆ ಹೋಗುತ್ತಿತ್ತು. ಗ್ಯಾರೇಜಿನ ಯಜಮಾನರು ವಯಸ್ಸಾದವರು, ಇಡೀ ಬೀದಿಗೆ ಚಾಚಾ. ಗ್ರೀಸು ಒರೆಸಲು ಅವರಿಗೆ ಹತ್ತಿ ಬಟ್ಟೆಯೇ ಬೇಕು. ಪಾಲಿಸ್ಟರ್ ಎಣ್ಣೆ ಹೀರುವುದಿಲ್ಲ. ತಮ್ಮನ ಪ್ರಾಜೆಕ್ಟು ನಿಂತಿದ್ದುದೇ ನಮ್ಮಿಬ್ಬರ ಈ ಕೊಡುಕೊಳ್ಳುವಿಕೆಯ ಮೇಲೆ. ಹತ್ತಿ, ಪಾಲಿಸ್ಟರ್, ಎರಡೂ ಬೆರೆತದ್ದು ಎಂದು ಮೂರು ಮೂಟೆಗಳಲ್ಲಿ ಒಂದು ತಿಂಗಳ ಚಿಂದಿಯನ್ನು ನಾನು ಕೂಡಿಡಬೇಕು. ಅವನು ಬಂದು ತೂಗಿದ ಮೇಲೆ ಚಾಚಾ ಒಯ್ಯಬಹುದು. ಅಲ್ಲಿಯವರೆಗೆ ಒಂದು ತುಂಡನ್ನೂ ಮುಟ್ಟುವುದಿಲ್ಲ ಎಂದು ಅವರು ಮಾತು ಕೊಟ್ಟರು.

ತಿಂಗಳಿಡೀ ನಾನು ನಿಯತ್ತಾಗಿ ಕೂಡಿಟ್ಟೆ. ತಪ್ಪು ಮೂಟೆಗೆ ತುಂಡು ಹಾಕಿದವರನ್ನು ಗದರಿಸಿದ್ದೂ ಉಂಟು. ತೂಕದ ಹಿಂದಿನ ದಿನ ತಮ್ಮ ಫೋನ್ ಮಾಡಿದ.

"ನಾಳೆ ನಮ್ ಮೇಡಂನೂ ಬರ್ತಿದಾರೆ ಅಕ್ಕಾ. ಅವರೂ ನೋಡ್ಬೇಕಂತೆ."

ನನ್ನ ತಲೆ ಕೆಟ್ಟುಹೋಯಿತು. ಕಾಲೇಜಿನ ಮೇಡಂ ಬರುವಾಗ ಬಾಗಿಲಲ್ಲೇ ಮೂರು ಚಿಂದಿ ಮೂಟೆ! ಯಾರಾದರೂ ಬರುತ್ತಾರೆಂದರೆ ಗುಡಿಸುವುದು ನಾನು ಯೋಚಿಸಿ ಮಾಡುವ ಕೆಲಸವಲ್ಲ, ಕೈ ತಾನೇ ಪೊರಕೆ ಹಿಡಿಯುತ್ತದೆ. ಮರುದಿನ ಬೆಳಿಗ್ಗೆ ಕಸದ ಆಟೊ ಬಂದಾಗ ಮೂರೂ ಮೂಟೆಗಳನ್ನು ನಾನೇ ಎತ್ತಿ ಹಾಕಿದೆ. ಮೇಡಂ ಶೆಡ್ಡು ನೋಡಿಕೊಂಡು ಹೋಗಲಿ, ತೂಕಕ್ಕೆ ಚಿಂದಿ ಮತ್ತೆ ಬಿದ್ದೇ ಬೀಳುತ್ತದಲ್ಲ ಎಂದುಕೊಂಡೆ. ಗಣಿತದಲ್ಲಿ ಸುಮ್ಮನೆ ಫೇಲಾದವಳಲ್ಲ ನಾನು. ಫಿನಾಯಿಲ್ ಹಾಕಿ ನೆಲ ತೊಳೆದೆ, ಬಾಗಿಲಿಗೆ ರಂಗೋಲಿ ಬಿಟ್ಟೆ, ಕೇಸರಿಬಾತ್ ಮಾಡಿಟ್ಟೆ.

ಇಬ್ಬರೂ ಬಂದರು. ತಮ್ಮ ಒಳಗೆ ಕಾಲಿಟ್ಟವನೇ ಸುತ್ತ ನೋಡಿದ.

"ಮೂಟೆಗಳು ಎಲ್ಲಿ ಅಕ್ಕಾ?"

ಅವನ ಮುಖ ನೋಡಿದಾಗಲೇ ನಾನೇನು ಮಾಡಿದ್ದೇನೆಂದು ನನಗೆ ತಿಳಿದದ್ದು. ಪಕ್ಕದಲ್ಲಿ ಮೇಡಂ ನಿಂತಿದ್ದರು. "ಚಾಚಾ ತಗೊಂಡ್ ಹೋದ್ರು" ಎಂದುಬಿಟ್ಟೆ.

ತಮ್ಮ ನೇರ ಎದುರುಗಡೆಗೆ ನಡೆದ. ಮೇಡಂ ಹಿಂದೆ, ಅವರ ಹಿಂದೆ ನಾನು.

"ಏನ್ ಚಾಚಾ, ತೂಕ ಆಗೋವರೆಗೂ ಮುಟ್ಟಲ್ಲ ಅಂದಿದ್ರಲ್ಲ?"

ಸ್ಕೂಟರ್ ಬಿಚ್ಚುತ್ತಿದ್ದ ಚಾಚಾ ಅವನನ್ನು ನೋಡಿದರು. ಆಮೇಲೆ ಅವನ ಭುಜದಾಚೆ ನಿಂತಿದ್ದ ನನ್ನನ್ನು ನೋಡಿದರು.

"ಮರ್ತೋಯ್ತು ಬೇಟಾ. ಬೇಕಾದ್ದು ಆರಿಸ್ಕೊಳ್ಳಲಿ ಅಂತ ಮೂರೂ ಬಾಗಲೂರಲ್ಲಿ ನಮ್ಮ ಭಾಯಿ ಗ್ಯಾರೇಜ್‌ಗೆ ಕಳ್ಸಿಬಿಟ್ಟೆ. ಮಾಫ್ ಮಾಡು."

ನಾನು ಆಗ ಬಾಯಿ ಬಿಡಬೇಕಿತ್ತು. ಬದಲಿಗೆ ಮೇಡಂಗೆ ಕೇಸರಿಬಾತ್ ಬಡಿಸಿದೆ. "ಎಷ್ಟು ಕ್ಲೀನಾಗಿ ಇಟ್ಕೊಂಡಿದ್ದೀರಿ" ಎಂದು ಅವರು ಹೊಗಳಿದರು. ನಾಚಿಕೆಯಿಲ್ಲದೆ ಆ ಹೊಗಳಿಕೆಯನ್ನೂ ಒಪ್ಪಿಕೊಂಡೆ.

ಎರಡು ವಾರ ನಾನು ಗ್ಯಾರೇಜಿನ ಕಡೆ ತಿರುಗಿ ನೋಡಲಿಲ್ಲ. ಒಂದು ಭಾನುವಾರ ಮನೆಯಲ್ಲಿ ತಮ್ಮ ಲ್ಯಾಪ್‌ಟಾಪ್ ಇಟ್ಟುಕೊಂಡು ರಿಪೋರ್ಟು ಬರೆಯುತ್ತಿದ್ದ. ಏನು ಬರೆದಿದ್ದೀಯ ಎಂದು ಕೇಳಿದ್ದಕ್ಕೆ ಕನ್ನಡದಲ್ಲಿ ಹೇಳಿದ:

"ಗ್ಯಾರೇಜಿನವರು ಮಾತು ಉಳಿಸ್ಕೊಳ್ಳಲಿಲ್ಲ, ಅಳತೆ ಸಿಗಲಿಲ್ಲ, ಅವರನ್ನ ನಂಬಿ ಈ ಸರಪಳಿ ಕಟ್ಟೋಕಾಗಲ್ಲ ಅಂತ. ಚಾಚಾನ ಪ್ರಾಜೆಕ್ಟಿಂದ ತೆಗೀತಿದೀನಿ."

"ಬೇಡ ಕಣೋ."

"ಯಾಕೆ? ಅವರು ಮಾಡಿದ್ದು ಸರೀನಾ?"

"ಅವರೇನೂ ಮಾಡಿಲ್ಲ. ಕಸದ ಆಟೊಗೆ ಹಾಕಿದ್ದು ನಾನು."

ಅವನು ಲ್ಯಾಪ್‌ಟಾಪ್ ಮುಚ್ಚಿದ. "ಒಂದ್ ತಿಂಗಳದ್ದು ಅಕ್ಕಾ! ಹಾಕಿದ್ದಲ್ದೆ ಅವರ ಹೆಸ್ರು ಬೇರೆ ಹೇಳಿದ್ಯಾ?"

"ಮೇಡಂ ಬರ್ತಾರೆ ಅಂದ್ಯಲ್ಲ, ಗಲೀಜು ಕಾಣ್ಬಾರ್ದು ಅಂತ..."

"ಅವರು ಬಂದಿದ್ದೇ ಅದನ್ನ ನೋಡೋಕೆ! ಎದ್ದೇಳು, ನಡಿ."

ಚಾಚಾ ಗ್ಯಾರೇಜಿನಲ್ಲೇ ಇದ್ದರು. ತಮ್ಮ ಕೈ ಮುಗಿದು ತಪ್ಪಾಯಿತು ಎಂದ. ನಾನೂ ಹೇಳಿದೆ.

"ಆಟೊಗೆ ಹಾಕ್ವಾಗ್ಲೇ ನೋಡ್ದೆ ಬೇಟಿ," ಎಂದರು ಚಾಚಾ. "ಓಡ್ಬಂದು ನಿಲ್ಸೋಕೆ ಈ ಮಂಡಿ ಎಲ್ಲಿ ಬಿಡ್ತದೆ?"

"ಮತ್ತೆ ನೀವ್ಯಾಕೆ ಹೇಳ್ಲಿಲ್ಲ?" ಎಂದೆ ನಾನು.

"ಕಾಲೇಜಿಂದ ಬಂದೋರ ಮುಂದೆ ನಿನ್ ಮರ್ಯಾದೆ ಹೋಗ್ಬಾರ್ದಲ್ಲ. ಆದ್ರೆ ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಆ ಬಟ್ಟೆ ಬರ್ತದೆ ಅಂತ ತಿಂಗಳೆಲ್ಲಾ ನ್ಯೂಸ್‌ಪೇಪರ್‌ನಲ್ಲಿ ಕೈ ಒರಸ್ಕೊಂಡು ಕಾದಿದ್ದೆ."

ತಮ್ಮನ ಲೆಕ್ಕ ಹಾಳಾಯಿತು, ಚಾಚಾಗೆ ಕೆಟ್ಟ ಹೆಸರು ಬಂತು ಎಂದಷ್ಟೇ ನಾನು ಕೊರಗಿದ್ದೆ. ಹೊಲಿಯುತ್ತಾ ತಲೆಯೆತ್ತಿದರೆ ಕಾಣುವಷ್ಟು ದೂರದಲ್ಲಿ ಒಬ್ಬರು ಕೈ ಒರೆಸಲು ಬಟ್ಟೆಯಿಲ್ಲದೆ ಕೆಲಸ ಮಾಡುತ್ತಿದ್ದರೆಂದು ನನಗೆ ಗೊತ್ತೇ ಆಗಿರಲಿಲ್ಲ. ಇಷ್ಟು ಹತ್ತಿರದ್ದು ಕಾಣದ ನಾನು, ತಮ್ಮನ ಓದಿಗೆ ನಾಚಿಕೊಂಡಿದ್ದೆ.

ಸೋಮವಾರದಿಂದ ಮತ್ತೆ ಒಂದು ತಿಂಗಳು ಕೂಡಿಡುವುದೆಂದು ತಮ್ಮ ಹೇಳಿದ. ಚಾಚಾ ತಲೆಯಾಡಿಸಿ ಪೇಪರಿನ ಹಾಳೆಯೊಂದನ್ನು ಹರಿದುಕೊಂಡರು. ಅದನ್ನು ನೋಡುತ್ತಾ ನಿಲ್ಲಲು ನನ್ನಿಂದಾಗಲಿಲ್ಲ. ಮನೆಗೆ ಹೋಗಿ ನನ್ನ ಎರಡು ಹಳೆ ಹತ್ತಿಯ ವಾಯಿಲ್ ಸೀರೆ ತಂದೆ.

"ಇದು ಶೆಡ್ಡಿಂದಲ್ಲ, ಮನೇದು. ಲೆಕ್ಕಕ್ಕೆ ಬರಲ್ಲ ಅಲ್ವೇನೋ?"

"ಬರುತ್ತೆ," ಎಂದ ತಮ್ಮ, ನನ್ನ ಮುಖ ನೋಡದೆ. ಸೀರೆಗಳನ್ನು ತೂಗಿ ಬರೆದುಕೊಂಡ. ಆಮೇಲೆ ನಾಲ್ಕು ದಿನ ಅವನು ನನ್ನೊಡನೆ ಕಿಲೋಗಳ ವಿಷಯ ಬಿಟ್ಟು ಬೇರೆ ಏನೂ ಮಾತನಾಡಲಿಲ್ಲ.

ಅವತ್ತು ತೂಕ ಮುಗಿದ ಕೂಡಲೇ ಚಾಚಾ ಸೀರೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. "ಗಟ್ಟಿ ಹಿಡ್ಕೊ ಬೇಟಿ, ಹರೀಬೇಕು."

ಹಿಡಿದುಕೊಂಡೆ.