ಟಾಕಿಯೊಳಗಿನ ಜೋಂಪು

ಬೆಳಿಗ್ಗೆ ಹತ್ತು ನಲವತ್ತು. ಹೊತ್ತು ಖಚಿತವಾಗಿ ಗೊತ್ತು, ಏಕೆಂದರೆ ಅದೇ ನಿಮಿಷಕ್ಕೆ ಟ್ಯೂಷನ್ ಹುಡುಗಿಯೊಬ್ಬಳು 'ಮಿಸ್, ಇವತ್ತು ಕ್ಲಾಸ್ ಇದೆಯಾ' ಎಂದು ಮೆಸೇಜ್ ಕಳಿಸಿದ್ದಳು. ಅದು ಇನ್ನೂ ಮೊಬೈಲಿನಲ್ಲಿದೆ. ನಾನು ಉತ್ತರ ಕೊಡಲಿಲ್ಲ.

ವಾಸ್ಕೋದ ಲ್ಯಾಬೊಂದರಲ್ಲಿ ಕೆಲಸ ಕೇಳಲು ಹೊರಟವಳು, ಕಾಕಾ ಮರೆತು ಹೋದ ಬುತ್ತಿ ಕೊಡಲು ದಾಬೋಲಿಮ್‌ನಲ್ಲಿ ಇಳಿದಿದ್ದೆ. ಕಾಕಾ ನಮ್ಮ ಅಪ್ಪನ ತಮ್ಮ, ಸೆಂಟ್ರಿಂಗ್ ಕೆಲಸದವನು. ಹೊಸ ಕಟ್ಟಡದ ನೆಲದಡಿ ನೀರಿನ ಟಾಕಿ ಕಟ್ಟಿದ್ದರು. ಅದರ ಕಾಂಕ್ರೀಟಿಗೆ ಆನಿಸಿದ್ದ ತಗಡು, ಹಲಗೆ, ಕಬ್ಬಿಣದ ಕಂಬಗಳನ್ನು ಬಿಚ್ಚಲು ಆಗಷ್ಟೇ ಒಳಗೆ ಇಳಿದಿದ್ದ.

ಆ ಟಾಕಿಯ ಬಾಯಿಯನ್ನು ಮಳೆಗಾಲ ಪೂರ್ತಿ ಪ್ಲಾಸ್ಟಿಕ್ ಹೊದಿಸಿ, ಮೇಲೆ ಹಲಗೆ ಹೇರಿ ಮುಚ್ಚಿಟ್ಟಿದ್ದರು; ಅವತ್ತೇ ತೆಗೆದದ್ದು. ನೀರು ನಿಂತು ಸೊಳ್ಳೆಯಾದರೆ ತಪಾಸಣೆಗೆ ಬಂದವರು ದಂಡ ಹಾಕುತ್ತಾರೆಂಬ ಭಯ. ಒಳಗೆ ಒದ್ದೆ ಕಬ್ಬಿಣ ತುಕ್ಕು ಹಿಡಿಯುತ್ತ, ಹಲಗೆ ಕೊಳೆಯುತ್ತ, ಇದ್ದ ಆಮ್ಲಜನಕವನ್ನು ತಿಂದು ಮುಗಿಸಿವೆ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ನಾನು ಜೀವಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿದವಳು.

ಕೆಳಗೆ ಎರಡು ಸಲ ಸುತ್ತಿಗೆಯ ಸಪ್ಪಳವಾಯಿತು. ಆಮೇಲೆ, ಓದಿದವಳೆಂದು ನನ್ನನ್ನು ಯಾವಾಗಲೂ ಚೇಷ್ಟೆ ಮಾಡುವ ಅವನ ದನಿ.

"ಏ ಡಾಕ್ಟರಬಾಯಿ, ಯಾಕೋ ಕಣ್ಣ ಎಳ್ಯಾಕತ್ತಾವು. ಜೋಂಪ ಹತ್ತಿದಂಗ ಆಗೈತಿ ನೋಡ."

"ರಾತ್ರಿ ಸರುವತ್ತಿನ ತನಕಾ ಮೊಬೈಲ್ ನೋಡ್ಕೋತ ಬಿದ್ದಿರು, ಜೋಂಪ ಹತ್ತದ ಏನ್ ಮಾಡ್ತೈತಿ?" ಎಂದೆ.

ಮೇಲೆ ಹಲಗೆ ಎಳೆಯಲು ಹಗ್ಗ ಹಿಡಿದು ನಿಂತಿದ್ದ ಅವನ ಜೊತೆಗಾರ, "ಅಲ್ಲೇ ಗಾದಿ ಹಾಸಿ ಕೊಡೂನೇನೋ?" ಎಂದ.

ಕಾಕಾ ನಕ್ಕ. ನಗು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಕುಡಿದವರ ನಗುವಿನ ಹಾಗೆ ಉದ್ದವಾಗುತ್ತ ಹೋಯಿತು. ಆಮೇಲೆ ಏನೋ ಬಿದ್ದ ಸದ್ದು.

ಜೊತೆಗಾರ ಏಣಿಗೆ ಕಾಲಿಟ್ಟ. ಜೋಂಪು, ಆ ನಗು, ಮುಚ್ಚಿಟ್ಟ ಟಾಕಿ ಎಲ್ಲ ಆಗ ಒಂದಕ್ಕೊಂದು ಸೇರಿತು; ನಾನು ಅವನ ಅಂಗಿ ಹಿಡಿದುಕೊಂಡೆ.

"ಬಿಡ್ರಿ ಅಕ್ಕಾರ, ಬಿದ್ದಾನಾಂವ!"

"ಇಳೀಬ್ಯಾಡ್ರಿ. ಒಳಗ ಗಾಳಿ ಇಲ್ಲ."

"ಗಾಳಿ ಎಲ್ಲಿ ಹೋಗ್ತೈತ್ರಿ? ಇಷ್ಟ ದೊಡ್ಡ ಬಾಯಿ ತಗದೈತಲ್ಲ!"

ಅವನ ಅಂಗಿಯ ಜೇಬು ಹರಿದು ನನ್ನ ಕೈಗೆ ಬಂತು. ಅವನ ಸೊಂಟವನ್ನೇ ಎರಡೂ ಕೈಯಲ್ಲಿ ಬಳಸಿ, ಕಂಪ್ರೆಸರ್ ತರ್ರಿ ಎಂದು ಕೂಗಿದೆ. ಪಕ್ಕದಲ್ಲಿ ಬಂಡೆ ಒಡೆಯುತ್ತಿದ್ದವರು ಅದನ್ನು ದೂಡಿಕೊಂಡು ಬಂದು ಪೈಪು ಒಳಗೆ ಇಳಿಬಿಟ್ಟು ಗಾಳಿ ಹೊಡೆದರು. ಆಮೇಲಷ್ಟೇ ಅವನನ್ನು ಬಿಟ್ಟೆ. ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಇಳಿದ. ಅವನು ಕಾಕಾನನ್ನು ತಬ್ಬಿ ಹಿಡಿದ ಮೇಲೆ ಇಬ್ಬರನ್ನೂ ಮೇಲಕ್ಕೆ ಎಳೆದುಕೊಂಡೆವು. ಕಾಕಾನ ತುಟಿಗಳು ನೀಲಿಯಾಗಿದ್ದವು. ಎಷ್ಟು ಹೊತ್ತಾಗಿತ್ತು ಎಂದು ಆಮೇಲೆ ಎಲ್ಲರೂ ಕೇಳಿದರು. ಐದು ನಿಮಿಷ ಎನ್ನುತ್ತ ಬಂದಿದ್ದೇನೆ.

ಉಸಿರು ಕಟ್ಟಿದಂತೆ ನಮಗನ್ನಿಸುವುದು ಹೆಚ್ಚಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಆಮ್ಲಜನಕವಷ್ಟೇ ಕಡಿಮೆಯಿದ್ದರೆ ಎದೆ ಸರಾಗವಾಗಿ ಏರಿಳಿಯುತ್ತಿರುತ್ತದೆ, ಮಿದುಳು ಮಾತ್ರ ಮಬ್ಬಾಗುತ್ತ ಹೋಗುತ್ತದೆ. ಜೋಂಪು ಅಂದನಲ್ಲ, ಅದೇ ಅದು. ಅವನು ಸರಿಯಾಗಿಯೇ ಹೇಳಿದ್ದ. ನಾನು ಸೋಮಾರಿತನ ಅಂದುಕೊಂಡೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನ್ನದೇ ಒಂದು ಉತ್ತರಪತ್ರಿಕೆ ನೆನಪಾಗುತ್ತಿತ್ತು. ಆಮ್ಲಜನಕದ ಕೊರತೆಯನ್ನು ಜೀವಕೋಶ ಹೇಗೆ ಗುರುತಿಸುತ್ತದೆ ಎಂಬ ಪ್ರಶ್ನೆ. ಕೋಶ ಒಂದು ಪ್ರೋಟೀನನ್ನು ಸದಾ ತಯಾರಿಸುತ್ತ, ಆಮ್ಲಜನಕ ಇರುವವರೆಗೂ ತಯಾರಿಸಿದ್ದನ್ನೆಲ್ಲ ಒಡೆದು ಹಾಕುತ್ತ ಇರುತ್ತದೆ. ಆಮ್ಲಜನಕ ಇಳಿದಾಗ ಒಡೆಯುವ ಕೆಲಸ ನಿಲ್ಲುತ್ತದೆ. ಉಳಿದುಕೊಂಡ ಪ್ರೋಟೀನು ಕೋಶಕೇಂದ್ರಕ್ಕೆ ಹೋಗಿ, ಕಡಿಮೆ ಆಮ್ಲಜನಕದಲ್ಲಿ ಬದುಕಲು ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ. ಚಿತ್ರ ಸಹಿತ ಬರೆದಿದ್ದೆ, ಪೂರ್ತಿ ಅಂಕ ಬಂದಿತ್ತು. ಆದರೆ ಆ ಸಿದ್ಧತೆಗೆ ಗಂಟೆಗಳು ಬೇಕು. ಮಿದುಳಿನ ಕೋಶಗಳಿಗೆ ಇರುವುದು ನಿಮಿಷಗಳು. ಅದನ್ನು ನಾನು ಬರೆದಿರಲಿಲ್ಲ. ಪ್ರಶ್ನೆಯಲ್ಲಿ ಕೇಳಿರಲಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು: ಆಮ್ಲಜನಕ ಮರಳಿ ಬಂತೆಂದು ನೆಮ್ಮದಿಯಾಗುವ ಹಾಗಿಲ್ಲ. ಕಂಗೆಟ್ಟ ಕೋಶಗಳಿಗೆ ಅದು ಒಮ್ಮೆಲೇ ಸಿಕ್ಕಾಗ ಅದರಿಂದಲೂ ಗಾಯವಾಗುತ್ತದೆ, ಉರಿಯೂತ ಶುರುವಾಗುತ್ತದೆ, ಮಿದುಳು ಬಾತುಕೊಳ್ಳಬಹುದು. ಬದುಕಿದರೂ ಮೊದಲಿನಂತೆ ಇರುತ್ತಾನೋ ಇಲ್ಲವೋ, ಕಾಯಬೇಕು.

ಕಾಕಾನ ಹೆಂಡತಿ, ನಮ್ಮ ಚಿಗವ್ವ, ಇದನ್ನು ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

"ಇವ್ರ ಜೋಡಿ ಇದ್ದಾಂವ ಇಳ್ಯಾಕ ಹೊಂಟಿದ್ನಂತ. ನೀ ಹಿಡಕೊಂಡಿಯಂತ. ಖರೇ ಏನು?"

"ಹೌದು ಚಿಗವ್ವ."

ಆಮೇಲೆ ಅವಳು ನನ್ನೊಡನೆ ಮಾತು ಬಿಟ್ಟಳು.

ನಾಲ್ಕನೆಯ ದಿನ ಕಾಕಾ ಕಣ್ಣು ಬಿಟ್ಟ. ಚಿಗವ್ವನನ್ನು ಗುರುತಿಸಿದ. ಗುಡ್ಡದ ಮೇಲೆ, ಮೋತಿ ಡೊಂಗರ್‌ನ ಮನೆಗೆ ಬಂದ ಮೇಲೆ ಉಳಿದದ್ದು ಗೊತ್ತಾಯಿತು. ಎಡಗೈ ಹಿಡಿದದ್ದನ್ನು ಬಿಟ್ಟುಬಿಡುತ್ತಿತ್ತು. ಸುತ್ತಿಗೆ ಎನ್ನುವ ಮಾತು ಬಾರದೆ 'ಅದss, ಬಡಿಯೂದು' ಎನ್ನುತ್ತಿದ್ದ.

ನನಗೆ ಅಳು ಬರಲಿಲ್ಲ. ಅಡುಗೆ ಮಾಡುತ್ತಿದ್ದೆ, ಟ್ಯೂಷನ್ ಹೇಳುತ್ತಿದ್ದೆ. ನಿದ್ದೆ ಮಾತ್ರ ಹೋಗಿತ್ತು. ರೆಪ್ಪೆ ಭಾರವಾಗುವ ಹೊತ್ತಿಗೆ ಸರಿಯಾಗಿ ಮೈ ಬೆಚ್ಚಿ ಏಳುತ್ತಿತ್ತು. ಎದ್ದವಳು ಆ ಐದು ನಿಮಿಷವನ್ನು ಮತ್ತೆ ಮೊದಲಿನಿಂದ ನೋಡುತ್ತಿದ್ದೆ: ಅಂಗಿ, ಜೇಬು, ಸೊಂಟ. ಹಿಡಿಯದೆ ಬಿಟ್ಟಿದ್ದರೆ ಕಾಕಾ ಬೇಗ ಮೇಲೆ ಬರುತ್ತಿದ್ದನೆ? ಆ ಎಡಗೈ ನೆಟ್ಟಗಿರುತ್ತಿತ್ತೆ?

ಮಧ್ಯಾಹ್ನ ಅವನು ಮಲಗಿದರೆ ಪಕ್ಕದಲ್ಲಿ ಕೂತು ಉಸಿರು ಎಣಿಸುತ್ತಿದ್ದೆ. ಒಂದು ದಿನ ಕಣ್ಣು ಮುಚ್ಚಿಕೊಂಡೇ, ತಡವರಿಸುತ್ತ ಬೈದ. "ಏನವ್ವ, ಮೀಟರ್ ರೀಡಿಂಗ್... ತಗೊಳ್ಳಾಕ ಬಂದಿಯೇನು? ಆಕಡೆ ಮಕಾ ಮಾಡಿ ಕುಂದ್ರ. ನಿದ್ದಿ ಹತ್ತವಲ್ದು."

ಏಳನೆಯ ವಾರ ಮೂವರೂ ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಕಾಕಾನ ಕೈ ನೋಡಿ, ಸುಧಾರಿಸುತ್ತಿದೆ, ಇನ್ನೂ ಸಮಯ ಬೇಕು ಎಂದರು. ಏಳುವಾಗ ಕೇಳಿಯೇಬಿಟ್ಟೆ: ಆ ಇನ್ನೊಬ್ಬನನ್ನು ನಾನು ತಡೆದದ್ದರಿಂದ ಹೀಗಾಯಿತೆ? ಡಾಕ್ಟರು ಕೊಂಕಣಿಯಲ್ಲಿ ಉತ್ತರಿಸಿದರು. ಹೊತ್ತು ಹೋದದ್ದು ಒಳ್ಳೆಯದಾಗಲಿಲ್ಲ, ಅದು ನಿಜ. ಆದರೆ ಆ ಮನುಷ್ಯ ಗಾಳಿಯಿಲ್ಲದ ಟಾಕಿಗೆ ಹಾಗೇ ಇಳಿದಿದ್ದರೆ ಕಾಕಾನ ಪಕ್ಕದಲ್ಲೇ ಬೀಳುತ್ತಿದ್ದ, ಇಬ್ಬರನ್ನೂ ಎತ್ತಲು ನೀವು ಮೂರನೆಯವರನ್ನು ಹುಡುಕಬೇಕಾಗುತ್ತಿತ್ತು. ಇಂಥವರನ್ನು ಜೋಡಿಯಾಗಿ ತರುವುದನ್ನು ನೋಡಿದ್ದೇನೆ ಎಂದರು. ಚಿಗವ್ವ ಮನೆಗೆಲಸಕ್ಕೆ ಹೋಗುವ ಮನೆಗಳಲ್ಲಿ ಕೊಂಕಣಿಯೇ ಮಾತು. ಅವಳಿಗೆ ಎಲ್ಲ ತಿಳಿಯಿತು. ಮಾತ್ರೆಗಳ ಚೀಟಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು.

ಬಸ್ಸಿನಲ್ಲಿ ಕಾಕಾನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬಂದು ನನ್ನ ಪಕ್ಕ ನಿಂತಳು.

"ಕಿಡಕಿ ಕಡೆ ಸರಿ. ಬಸ್ಸಿನ್ಯಾಗ ವಾಂತಿ ಬರ್ತೈತಿ ನಿನಗ."

ಸರಿದೆ. ಅವಳು ಕೂತಳು.

ಅವತ್ತು ಮಂಗಳವಾರ. ಒಂಬತ್ತೂವರೆಗೆ ಮಲಗಿದೆ. ಎದ್ದಾಗ ಬೆಳಕಾಗಿತ್ತು. ನಳದ ಮುಂದಿನ ಕೊಡಗಳ ಜಗಳ ಆಗಲೇ ಮುಗಿದು, ಹೆಂಗಸರು ನೀರು ಹೊತ್ತುಕೊಂಡು ಮೇಲೆ ಹತ್ತುತ್ತಿದ್ದರು.